ಡ್ರಮ್ ಬಂಡೆಯ ಇಂಗ್ಲಿಷ್ ಪೇಪರು

ಡ್ರಮ್ ಬಂಡೆ ದೀಪಸ್ತಂಭ,
ಬ್ರಿಟಿಷ್ ಕೊಲಂಬಿಯಾ
21 ಜನವರಿ 1962

ಮಾನ್ಯ ಮಿಸ್ ಪೆಂಗೆಲ್ಲಿ ಅವರಿಗೆ,

ನೀವು ತಿದ್ದಿ ಕಳಿಸಿದ ಹದಿನಾರನೆಯ ಪಾಠ ಸಾಮಾನಿನ ಹಡಗಿನಲ್ಲಿ ಬಂತು. ಪ್ರಬಂಧಕ್ಕೆ ತೊಂಬತ್ತೊಂದು ಕೊಟ್ಟಿದ್ದೀರಿ. ಉಳಿದ ಒಂಬತ್ತು ಎಲ್ಲಿ ಹೋಯಿತೆಂದು ಅಮ್ಮ ಕಳ್ಳನನ್ನು ಹುಡುಕುವವಳ ಹಾಗೆ ಕೇಳಿದಳು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ನೀವು ಬರೆದದ್ದನ್ನು ಓದಿ ಹೇಳಿದೆ: "ಒಂದೇ ಪುಟದಲ್ಲಿ ಎಷ್ಟು ಸಲ 'ಹವಾಮಾನ ಅನುಕೂಲಿಸಿದರೆ' ಎಂದು ಬರೆಯುತ್ತೀಯ? ಹವೆಯನ್ನು ಕೇಳದೆ ನಡೆಯುವ ಕೆಲಸಗಳೂ ಜಗತ್ತಿನಲ್ಲಿವೆ." ಅಪ್ಪ ಇದನ್ನು ಒಪ್ಪಲಿಲ್ಲ. "ಯಾವ್ ಕೆಲಸವಂತೆ? ಒಂದೇ ಒಂದು ಹೇಳ್ಲಿ ನೋಡೋಣ ನಿಮ್ ಮೇಡಂ" ಎಂದು ಊಟ ಮುಗಿಯುವ ತನಕ ವಾದಿಸಿದರು. ನನಗೂ ಒಂದೂ ಹೊಳೆಯಲಿಲ್ಲ.

ಕಳೆದ ವರ್ಷ ಅಂಚೆ ಶಾಲೆಯ ಮಕ್ಕಳಲ್ಲೆಲ್ಲ ಮೊದಲು ಬಂದಿದ್ದಕ್ಕೆ ನೀವು ಕಳಿಸಿದ ಬಹುಮಾನದ ನಿಘಂಟು ದೋಣಿಯಿಂದ ಇಳಿಸುವಾಗ ನೀರಿಗೆ ಬಿದ್ದಿತ್ತಲ್ಲ, ಈಗ ಒಣಗಿದೆ. ಎರಡರಷ್ಟು ದಪ್ಪವಾಗಿದೆ. ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ಬರುವವರೇ ಇಲ್ಲ, ಆದರೂ ತೋರಿಸುತ್ತಾಳೆ.

ಜೂನ್ ತಿಂಗಳ ಸರಕಾರಿ ಪರೀಕ್ಷೆಯ ಬಗ್ಗೆ ಒಂದು ಸಂದೇಹ. ನಾನು ಹನ್ನೆರಡನೆಯ ತರಗತಿ ಮುಗಿಸುತ್ತಿದ್ದರೂ ಒಂದು ದಿನವೂ ತರಗತಿಯಲ್ಲಿ ಕೂತವಳಲ್ಲ. ಇಂಗ್ಲಿಷಿನಲ್ಲಿ ತೇರ್ಗಡೆಯಾಗದಿದ್ದರೆ ವಿಕ್ಟೋರಿಯಾದ ಶಿಕ್ಷಕರ ಕಾಲೇಜು ಸೇರಿಸಿಕೊಳ್ಳುವುದಿಲ್ಲವೆಂದು ಗೊತ್ತು. ಇಲ್ಲಿ ನನ್ನ ಪರೀಕ್ಷೆಯನ್ನು ಯಾರು ನಡೆಸುತ್ತಾರೆ?

ನಿಮ್ಮ ವಿದ್ಯಾರ್ಥಿನಿ,
ಥೋರಾ ಹಾಲ್ವರ್ಸನ್


ವಿಕ್ಟೋರಿಯಾ
19 ಫೆಬ್ರುವರಿ 1962

ಪ್ರಿಯ ಥೋರಾ,

ಹವೆಯನ್ನು ಕೇಳದೆ ನಡೆಯುವ ಕೆಲಸ: ಸರಕಾರಿ ಪರೀಕ್ಷೆ. ನಿಮ್ಮ ತಂದೆಗೆ ಹೇಳು.

ನಿಯಮ ಹೀಗಿದೆ. ಪ್ರಶ್ನೆಪತ್ರಿಕೆ ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ಮೇ ತಿಂಗಳ ಹಡಗಿಗೆ ಬರುತ್ತದೆ. ಪರೀಕ್ಷೆಯ ಬೆಳಿಗ್ಗೆ ನಿನ್ನ ಎದುರಿಗೇ ಮೇಲ್ವಿಚಾರಕರು ಮುದ್ರೆ ಒಡೆಯಬೇಕು. ಅದಕ್ಕೆ ಮೊದಲು ಯಾರೇ ಒಡೆದರೂ ಅಪರಾಧ. ಮೇಲ್ವಿಚಾರಕರು ನಿನ್ನ ಸಂಬಂಧಿಕರಾಗಿರಬಾರದು. ನಿಮ್ಮ ಬಂಡೆಯಲ್ಲಿ ಸಂಬಂಧಿಕರಲ್ಲದ ಒಬ್ಬರೇ ಒಬ್ಬರು ಇದ್ದಾರೆ, ನಿಮ್ಮ ತಂದೆಯ ಸಹಾಯಕರಾದ ಮಿಸ್ಟರ್ ರಡ್ಜ್. ಅವರಿಗೆ ಬರೆದೆ. ಒಪ್ಪಿದ್ದಾರೆ, ಮೂರು ಪುಟಗಳಷ್ಟು ಒಪ್ಪಿದ್ದಾರೆ.

ನಿನ್ನ ಈ ಪರೀಕ್ಷೆ ನಿನ್ನೊಬ್ಬಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ಪ್ರಬಂಧಕ್ಕೇ ಅತಿ ಹೆಚ್ಚು ಅಂಕ. ವಾರಕ್ಕೊಂದು ಬರೆದು ಕಳಿಸು.

ಎಂ. ಪೆಂಗೆಲ್ಲಿ


ಡ್ರಮ್ ಬಂಡೆ
8 ಏಪ್ರಿಲ್ 1962

ಮಾನ್ಯ ಮಿಸ್ ಪೆಂಗೆಲ್ಲಿ ಅವರಿಗೆ,

"ನಿನ್ನೊಬ್ಬಳಿಗೆ ಮಾತ್ರ ಸಂಬಂಧಿಸಿದ್ದಲ್ಲ" ಎಂದರೆ ಏನು? ನಾವೆಲ್ಲ ತಲೆ ಕೆಡಿಸಿಕೊಂಡಿದ್ದೇವೆ. ನಾನು ಫೇಲಾದರೆ ನಿಮ್ಮ ಸಂಬಳ ಕಡಿಮೆ ಮಾಡುತ್ತಾರೆಂದು ಅಮ್ಮನ ಊಹೆ. ಸರಕಾರ ಏನೋ ಮುಚ್ಚಿಡುತ್ತಿದೆ ಎಂದು ಅಪ್ಪನ ಊಹೆ. ಅಪ್ಪ ಎಲ್ಲದಕ್ಕೂ ಹಾಗೇ ಹೇಳುವುದು. ನನಗೆ ತಲೆಬುಡ ತಿಳಿಯಲಿಲ್ಲ.

ಮಿಸ್ಟರ್ ರಡ್ಜ್ ಅವರನ್ನು ಆರಿಸಿದ್ದೀರಿ. ಒಂದು ವಿಷಯ ನಿಮಗೆ ಗೊತ್ತಿಲ್ಲ. ಅವರೂ ಅಪ್ಪನೂ ಮಾತಾಡಿ ಎರಡು ವರ್ಷವಾಯಿತು. ಎಣ್ಣೆಯ ಪೀಪಾಯಿ ಯಾರು ಉರುಳಿಸಬೇಕೆಂಬುದರಿಂದ ಶುರುವಾದದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಇಬ್ಬರೂ ಒಂದೇ ದೀಪ ಉರಿಸುತ್ತಾರೆ, ಮಾತೆಲ್ಲ ನನ್ನ ಮೂಲಕ. ನಿನ್ನೆ ನಡೆದದ್ದು ಇದು, ಮೂವರೂ ಒಂದೇ ಕೋಣೆಯಲ್ಲಿ ನಿಂತಿದ್ದೆವು:

"ಥೋರಾ, ನಿಮ್ಮಪ್ಪಂಗೆ ಹೇಳು, ಮಂಜಿನಲ್ಲಿ ಊದೋ ಕೊಂಬಿನ ಇಂಜಿನ್ನಿಗೆ ನೀರು ಹಾಕಿಲ್ಲ ಅಂತ."

"ಥೋರಾ, ಆ ಮನುಷ್ಯಂಗೆ ಹೇಳು, ನಂಗೂ ಕಣ್ಣಿದೆ ಅಂತ."

"ಕಣ್ಣಿದ್ರೆ ಸಾಲ್ದು, ನೋಡ್ಬೇಕು ಅಂತ ಹೇಳಮ್ಮ."

"ನೋಡ್ತೀನಿ, ಆದ್ರೆ ಕೆಲವ್ರ ಮುಖ ಬಿಟ್ಟು, ಅಂತ ಹೇಳಮ್ಮ."

ನಾನು ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಆದರೆ ಅಮ್ಮನಿಗೆ ನಿಜವಾದ ಹೆದರಿಕೆ ಇದೆ. ಅಪ್ಪನಿಂದ ಒಂದು ತಪ್ಪಾದರೆ ಸಾಕು, ಮಿಸ್ಟರ್ ರಡ್ಜ್ ಮೇಲಿನವರಿಗೆ ಬರೆದು ದೀಪ ಕಾಯುವ ಅಪ್ಪನ ಹುದ್ದೆಗೆ ತಾವೇ ಬರುತ್ತಾರೆ ಎಂದು. ಹುದ್ದೆ ಹೋದರೆ ಮನೆಯೂ ಹೋಯಿತು. ಇಲ್ಲಿ ಮನೆ ದೀಪದ್ದು, ನಮ್ಮದಲ್ಲ.

ಪ್ರಬಂಧಕ್ಕೆ ವಿಷಯಗಳೆಲ್ಲ ಮುಗಿದವು, ಈ ಸಲ ಅಪ್ಪನನ್ನೇ ವಿಷಯ ಮಾಡಿಕೊಂಡು ಬರೆದಿದ್ದೇನೆ, ಲಗತ್ತಿಸಿದೆ. ಸರಕಾರದ ಕಂದು ಲಕೋಟೆ ಬಂದಾಗ ನಮ್ಮಲ್ಲಿ ನಡೆಯುವ ಪೂಜೆಯ ಬಗ್ಗೆ. ನಾವಿಕರಿಗೆ ಎಚ್ಚರಿಕೆಗಳು ಬರುವುದು ಅದರಲ್ಲೇ: ಎಲ್ಲಿ ಹೊಸ ಬಂಡೆ ಕಂಡಿದೆ, ಯಾವ ತೇಲುಗಂಬ ಕಿತ್ತುಹೋಗಿದೆ. ಬಂದ ಗಳಿಗೆಯಲ್ಲೇ ಒಡೆದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಬೇಕೆಂದು ನಿಯಮ. ಅಪ್ಪ ದೋಣಿಯ ಇಳಿದಾಣದ ಮೆಟ್ಟಿಲ ಮೇಲೆ ನಿಂತು ಪಾದ್ರಿಯ ಹಾಗೆ ಓದುತ್ತಾರೆ. ಒಮ್ಮೆ ಕಚೇರಿಯ ಪೆನ್ಸಿಲುಗಳನ್ನು ಪೋಲು ಮಾಡಬಾರದು ಎಂಬ ಸುತ್ತೋಲೆಯನ್ನೂ ಟೋಪಿ ತೆಗೆದು ಓದಿದ್ದರು.

ಥೋರಾ


ವಿಕ್ಟೋರಿಯಾ
3 ಮೇ 1962

ಪ್ರಿಯ ಥೋರಾ,

ಪೆನ್ಸಿಲಿನ ಸುತ್ತೋಲೆ ಓದಿ ನಮ್ಮ ಕೋಣೆಯಲ್ಲಿ ಐವರು ನಕ್ಕರು. ತೊಂಬತ್ತಾರು. ಇದಕ್ಕಿಂತ ಹೆಚ್ಚು ನಾನು ಯಾರಿಗೂ ಕೊಟ್ಟಿಲ್ಲ, ತಲೆಗೆ ಏರಿಸಿಕೊಳ್ಳಬೇಡ.

ಈ ಪತ್ರ ಬರುವ ಹಡಗಿನಲ್ಲೇ ಪ್ರಶ್ನೆಪತ್ರಿಕೆಗಳೂ ಬರುತ್ತವೆ. ಗಣಿತ ಮತ್ತು ಇತಿಹಾಸಕ್ಕೆ ಬೇರೆ ಲಕೋಟೆ, ಇಂಗ್ಲಿಷಿಗೆ ಬೇರೆ. ಮಿಸ್ಟರ್ ರಡ್ಜ್ ಕೈಗೆ ಸೇರಬೇಕಾದದ್ದು. ಅದನ್ನು ಮರೆತು ಓದಿಕೋ. ಪರೀಕ್ಷೆಯ ಮುಂಚಿನ ದಿನ ಪುಸ್ತಕ ಮುಚ್ಚಿಟ್ಟು ಮೀನು ಹಿಡಿ.

ಎಂ. ಪೆಂಗೆಲ್ಲಿ


ಡ್ರಮ್ ಬಂಡೆ, ಇಳಿದಾಣ
24 ಮೇ 1962

ಮಿಸ್ ಪೆಂಗೆಲ್ಲಿ ಅವರಿಗೆ,

ದೋಣಿ ಇನ್ನೂ ಸಾಮಾನು ಇಳಿಸುತ್ತಿದೆ. ಹಿಟ್ಟಿನ ಚೀಲದ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ.

ನಾನು ಇಂಗ್ಲಿಷ್ ಪರೀಕ್ಷೆಗೆ ಕೂರುವುದಿಲ್ಲ. ಗಣಿತ, ಇತಿಹಾಸ ಬರೆಯುತ್ತೇನೆ. ಕಾರಣ ಕೇಳಬೇಡಿ. ಈ ವರ್ಷದ ಬಹುಮಾನಕ್ಕೆ ನನ್ನ ಹೆಸರನ್ನೂ ಪರಿಗಣಿಸಬೇಡಿ. ನಾನು ಹುಷಾರಾಗಿದ್ದೇನೆ, ಮನೆಯಲ್ಲೂ ಎಲ್ಲರೂ ಹುಷಾರು.

ಥೋರಾ


ವಿಕ್ಟೋರಿಯಾ
8 ಜೂನ್ 1962

ಪ್ರಿಯ ಥೋರಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಹಿಟ್ಟು ಉದುರಿತೇ ಹೊರತು ಅರ್ಥ ಉದುರಲಿಲ್ಲ.

ಹೆದರಿದ್ದೀಯಾ? ತೊಂಬತ್ತಾರು ಎಂದು ಬರೆದು ನಾನೇ ನಿನ್ನನ್ನು ಹೆದರಿಸಿದೆನೇ? ಅಥವಾ ಹಡಗಿನ ಹುಡುಗ ಯಾರಾದರೂ ಮದುವೆಯ ಮಾತು ಎತ್ತಿದ್ದಾನೆಯೇ? ಕಳೆದ ವರ್ಷ ಚಾರ್ಟ್ ಕೊಲ್ಲಿಯ ಹುಡುಗಿಯೊಬ್ಬಳು ಹೀಗೇ ಪರೀಕ್ಷೆಯ ಮುಂಚೆ ನಾಪತ್ತೆಯಾಗಿ ಏಡಿ ಹಿಡಿಯುವವನ ಮನೆಯಲ್ಲಿ ಸಿಕ್ಕಳು. ಅಥವಾ ನಿಮ್ಮ ತಂದೆಗೆ ನೀನು ಬಂಡೆ ಬಿಟ್ಟು ಹೋಗುವುದು ಇಷ್ಟವಿಲ್ಲವೇ? ಹಾಗಿದ್ದರೆ ಅವರಿಗೆ ನಾನೇ ಬರೆಯುತ್ತೇನೆ, ಮೆತ್ತಗೆ ಬರೆಯುವುದಿಲ್ಲ.

ಈ ಪತ್ರ ಪರೀಕ್ಷೆಗೆ ಮೊದಲು ತಲುಪುವುದಿಲ್ಲ. ಆದ್ದರಿಂದ ರೇಡಿಯೊ ಮೂಲಕ ತಂತಿ ಸಂದೇಶವನ್ನೂ ಕಳಿಸುತ್ತಿದ್ದೇನೆ.

ಎಂ. ಪೆಂಗೆಲ್ಲಿ


ಡ್ರಮ್ ಬಂಡೆ
29 ಜೂನ್ 1962

ಮಾನ್ಯ ಮಿಸ್ ಪೆಂಗೆಲ್ಲಿ ಅವರಿಗೆ,

ನಿಮ್ಮ ತಂತಿ ಬಂತು. ನನಗೆ ಮಾತ್ರ ಬಂತೆಂದು ನೀವು ಅಂದುಕೊಂಡಿರಬೇಕು. ಇಲ್ಲಿ ರೇಡಿಯೊದಲ್ಲಿ ಓದಿದ್ದನ್ನು ಇಡೀ ಕರಾವಳಿ ಕೇಳುತ್ತದೆ, ಪ್ರತಿ ದೀಪಸ್ತಂಭ, ಪ್ರತಿ ಮೀನುದೋಣಿ. "ಥೋರಾ ಹಾಲ್ವರ್ಸನ್, ಕಾರಣ ಏನೇ ಇರಲಿ, ಇಂಗ್ಲಿಷ್ ಪರೀಕ್ಷೆ ತಪ್ಪಿಸಬೇಡ" ಎಂದು ಓದಿ ಮುಗಿಸಿದ್ದೇ ತಡ, ಯಾರ್‍ಯಾರೋ ಬಾಯಿ ಹಾಕಿದರು.

"ಏ ಹುಡುಗಿ, ಬರ್ದು ಬಿಸಾಕೇ! ನಾನು ಬರೀದೆ ಕೆಟ್ಟೆ. ನೋಡು, ಈ ಚಳೀಲಿ ಹ್ಯಾಲಿಬಟ್ ಮೀನಿನ ಕರುಳು ಕೀಳ್ತಾ ಕೂತಿದೀನಿ."

"ಅವನ ಮಾತು ಕೇಳ್ಬೇಡಮ್ಮ, ಅವ್ನು ಬರೆದೂ ಕೆಟ್ಟೋನೇ!"

ಅಮ್ಮನಿಗೆ ಆಗಲೇ ಗೊತ್ತಾದದ್ದು ನಾನು ಪರೀಕ್ಷೆ ಬಿಡುವವಳಿದ್ದೆ ಎಂದು. ಅತ್ತಳು. ಅಪ್ಪ ನನ್ನ ಮುಖವನ್ನೇ ನೋಡಿದರು. ಊರೆಲ್ಲ ಡಂಗುರ ಹೊಡೆದಾದ ಮೇಲೆ ಕೂರದೆ ವಿಧಿಯಿರಲಿಲ್ಲ.

ಕೂತೆ. ಮಿಸ್ಟರ್ ರಡ್ಜ್ ಮದುವೆಯ ಸೂಟು ಹಾಕಿಕೊಂಡು ಬಂದಿದ್ದರು, ಗುಂಡಿ ಹಾಕಲಾಗದೆ ಕೋಟನ್ನು ಕೈಯಲ್ಲಿ ಹಿಡಿದು ಮುಚ್ಚಿಕೊಂಡಿದ್ದರು. ಗಡಿಯಾರ ನೋಡಿ "ಅಭ್ಯರ್ಥಿ ಬರೆಯಬಹುದು" ಎಂದು ಗಂಭೀರವಾಗಿ ಹೇಳಿದರು. ಮಂಜು ಕವಿದು ಕೊಂಬು ಊದುತ್ತಲೇ ಇತ್ತು. ವ್ಯಾಕರಣ, ಪದ್ಯದ ಪ್ರಶ್ನೆಗಳು ಚೆನ್ನಾಗಿ ಆದವು. ಉಳಿದದ್ದನ್ನು ಬರೆಯಲಾರೆ. ನೀವು ಹೇಳಿದಂತೆ ಕೂತಿದ್ದೇನೆ. ಅಷ್ಟಕ್ಕೇ ತೃಪ್ತರಾಗಿರಿ ಎಂದು ಬೇಡಿಕೊಳ್ಳುತ್ತೇನೆ.

ಹುಡುಗ ಯಾರೂ ಇಲ್ಲ.

ಥೋರಾ


ವಿಕ್ಟೋರಿಯಾ
24 ಜುಲೈ 1962

ಥೋರಾ,

ನಿನ್ನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನಮ್ಮ ಅಂಚೆ ಶಾಲೆಯ ನಿರ್ದೇಶಕರು ತರಿಸಿಕೊಂಡು ನನ್ನ ಮೇಜಿನ ಮೇಲೆ ಇಟ್ಟರು. ಗಣಿತದಲ್ಲಿ ಎಂಬತ್ತೊಂಬತ್ತು, ಇತಿಹಾಸದಲ್ಲಿ ತೊಂಬತ್ತು ತೆಗೆದವಳು ಇಂಗ್ಲಿಷಿನಲ್ಲಿ ಫೇಲು. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಪ್ರಬಂಧದ ಜಾಗದಲ್ಲಿ ಎರಡು ಪುಟ ಖಾಲಿ. ಪ್ರಶ್ನೆ ಏನಿತ್ತು? "ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗವನ್ನು, ಅದನ್ನು ಎಂದೂ ನೋಡದವರಿಗಾಗಿ ವರ್ಣಿಸಿ." ಆ ಪ್ರಶ್ನೆಯನ್ನು ನಿನಗೆಂದೇ ಯಾರೋ ಬರೆದಂತಿತ್ತು. ಆರು ವರ್ಷದಿಂದ ನೀನು ನನಗೆ ಬರೆದು ಕಳಿಸುತ್ತಿರುವುದು ಅದನ್ನೇ ಅಲ್ಲವೇ?

ಫೆಬ್ರುವರಿಯಲ್ಲಿ ಹೇಳದೆ ಉಳಿಸಿಕೊಂಡದ್ದನ್ನು ಈಗ ಹೇಳುತ್ತೇನೆ. ಅಂಚೆ ಶಾಲೆಯ ಒಳ್ಳೆಯ ಪ್ರಬಂಧಗಳನ್ನೆಲ್ಲ ತಾಯಂದಿರು ಬರೆಯುತ್ತಾರೆ ಎಂದು ನಿರ್ದೇಶಕರ ನಂಬಿಕೆ. ಬಹುಮಾನವನ್ನೇ ನಿಲ್ಲಿಸಬೇಕೆಂದಿದ್ದರು. "ಹಾಲ್ವರ್ಸನ್ ಹುಡುಗಿ ಸರಕಾರಿ ಪರೀಕ್ಷೆಯಲ್ಲಿ ಬರೆಯುವುದನ್ನು ನೋಡಿ, ಆಮೇಲೆ ಮಾತಾಡಿ" ಎಂದು ನಾನು ಎಲ್ಲರೆದುರು ಸವಾಲು ಹಾಕಿದ್ದೆ. ಈಗ ಅವರು ಆ ಎರಡು ಖಾಲಿ ಪುಟಗಳನ್ನು ತೋರಿಸಿ ಅಂದರು: "ಅಮ್ಮ ಪಕ್ಕದಲ್ಲಿ ಇರಲಿಲ್ಲ, ನೋಡಿ."

ಆ ಪುಟಗಳನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕೇಳಬಾರದೆಂದು ಇಷ್ಟು ದಿನ ಸುಮ್ಮನಿದ್ದೆ, ಆಗುತ್ತಿಲ್ಲ. ಥೋರಾ, ನಿನ್ನ ಪ್ರಬಂಧಗಳನ್ನು ಬೇರೆ ಯಾರಾದರೂ ಬರೆದುಕೊಡುತ್ತಿದ್ದರೇ?

ಎಂ. ಪೆಂಗೆಲ್ಲಿ


ಡ್ರಮ್ ಬಂಡೆ
9 ಆಗಸ್ಟ್ 1962

ಮಿಸ್ ಪೆಂಗೆಲ್ಲಿ ಅವರಿಗೆ,

ಇಲ್ಲ. ಒಂದು ಸಾಲೂ ಇಲ್ಲ.

ನಿಮ್ಮ ಪತ್ರ ಓದಿ ನಾನು ಇಂಜಿನ್ ಕೋಣೆಗೆ ಹೋಗಿ ಕೂತೆ. ಅಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ. ಫೇಲಾದದ್ದು ಗೊತ್ತೇ ಇತ್ತು. ನೀವು ಕೇಳಿದ ಪ್ರಶ್ನೆ ಮಾತ್ರ ನನ್ನ ಎದೆಗೆ ಚುಚ್ಚಿತು. ಪತ್ರವನ್ನು ಮೇಜಿನ ಮೇಲೇ ಬಿಟ್ಟಿದ್ದೆ. ಅಮ್ಮ ಓದಿದಳು, ಅಪ್ಪನಿಗೆ ಕೊಟ್ಟಳು.

ನಡೆದದ್ದು ಇಷ್ಟು. ಮೇ ತಿಂಗಳ ಹಡಗಿನಲ್ಲಿ ಬಂದ ಕಂದು ಲಕೋಟೆಗಳನ್ನು ಅಪ್ಪ ಯಾವಾಗಲೂ ಮಾಡುವಂತೆ ಇಳಿದಾಣದಲ್ಲೇ ಚಾಕುವಿನಿಂದ ಒಂದೊಂದಾಗಿ ಸೀಳತೊಡಗಿದರು. ಪರೀಕ್ಷೆಯ ಲಕೋಟೆಗಳೂ ಅದೇ ಕಂದು ಬಣ್ಣದವು. ಕನ್ನಡಕ ಮೇಲೆ ದೀಪದ ಕೋಣೆಯಲ್ಲಿತ್ತು, ಯಾರ ಹೆಸರಿದೆಯೆಂದು ನೋಡಲಿಲ್ಲ. ಮೂರನೆಯದನ್ನು ಸೀಳಿ, ಕಾಗದವನ್ನು ದೂರ ಹಿಡಿದು, ದೊಡ್ಡ ಅಕ್ಷರದಲ್ಲಿದ್ದ ಸಾಲನ್ನು ಪಾದ್ರಿಯ ದನಿಯಲ್ಲಿ ಓದಿಬಿಟ್ಟರು: "ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗವನ್ನು..." ಪೂರ್ತಿ ಓದಿದ ಮೇಲೆ "ಇದೆಂಥಾ ಎಚ್ಚರಿಕೆ? ಯಾವ್ ಜಾಗ ಅಂತಲೇ ಹೇಳಿಲ್ವಲ್ಲ!" ಅಂದರು. ಆಮೇಲೆ ಅವರಿಗೇ ಗೊತ್ತಾಗಿ ಮುಖ ಬಿಳಿಚಿತು. ಮಿಸ್ಟರ್ ರಡ್ಜ್ ಆಗ ಕೆಳಗೆ ದೋಣಿಯಲ್ಲಿದ್ದರು, ಕೇಳಿಸಿರಲಿಲ್ಲ. ಗಾಜಿಗೆ ಮೆತ್ತುವ ಅಂಟನ್ನು ಅಪ್ಪ ನನ್ನ ಮೂಲಕ ಮಿಸ್ಟರ್ ರಡ್ಜ್ ಅವರಿಂದ ತರಿಸಿ, ಯಾತಕ್ಕೆಂದು ಹೇಳದೆ, ಲಕೋಟೆ ಅಂಟಿಸಿದರು. "ನೀನು ಕೇಳಿಸ್ಕೊಂಡೆಯಾ?" ಎಂದು ನನ್ನನ್ನು ಕೇಳಿದರು. ಅಲೆಯ ಸದ್ದಿಗೆ ಕೇಳಿಸಲಿಲ್ಲ ಅಂದೆ. ನಾನು ಅಪ್ಪನಿಗೆ ಹೇಳಿದ ಸುಳ್ಳು ಅದೊಂದೇ.

ಪ್ರಶ್ನೆ ಗೊತ್ತಿದ್ದು ಬರೆದರೆ ಅದು ಮೋಸ. ಗೊತ್ತೆಂದು ಹೇಳಿದರೆ ಅಪ್ಪನ ಹುದ್ದೆಗೆ ಕುತ್ತು. ಪರೀಕ್ಷೆಯನ್ನೇ ಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ. ನೀವು ಕೂರು ಎಂದಿರಿ, ಕೂತೆ, ಕೇಳಿಸಿಕೊಂಡಿದ್ದ ಪ್ರಶ್ನೆಯನ್ನು ಮಾತ್ರ ಮುಟ್ಟಲಿಲ್ಲ. ಆ ಬಿಳಿ ಹಾಳೆಯನ್ನು ನೋಡುತ್ತ ಒಂದು ಗಂಟೆ ಹೇಗೆ ಕೂತೆನೆಂದು ನನಗೇ ಗೊತ್ತು. ಮೊದಲ ವಾಕ್ಯ ತಲೆಯಲ್ಲಿ ಬಂದು ನಿಂತಿತ್ತು, ಮಿಸ್ ಪೆಂಗೆಲ್ಲಿ. ಬಹಳ ಒಳ್ಳೆಯ ವಾಕ್ಯ.

ಅಪ್ಪ ನಿಮ್ಮ ಪತ್ರ ಓದಿ ಮಡಿಸಿಟ್ಟರು. "ಕೇಳಿಸಿತ್ತಾ ಹಾಗಾದ್ರೆ?" ಅಂದರು. ಹೌದು ಅಂದೆ. ಮರುದಿನ ಬೆಳಗಿನ ಹವಾಮಾನ ವರದಿಯ ಹೊತ್ತಿಗೆ ರೇಡಿಯೊದ ಮುಂದೆ ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಡ್ರಮ್ ಬಂಡೆ. ವಾಯವ್ಯ ಗಾಳಿ, ಸಾಧಾರಣ ಅಲೆ, ಮೋಡ. ಇನ್ನೊಂದ್ ಮಾತಿದೆ. ಮೇ ತಿಂಗಳಲ್ಲಿ ಪರೀಕ್ಷೆಯ ಲಕೋಟೆ ಒಡೆದು ಓದಿದ್ದು ನಾನು, ಐನಾರ್ ಹಾಲ್ವರ್ಸನ್. ನನ್ ಮಗಳು ಪ್ರಶ್ನೆ ಗೊತ್ತಿದ್ದೂ ಬರೀಲಿಲ್ಲ. ಅದ್ಕೇ ಫೇಲಾಗಿದಾಳೆ. ವಿಕ್ಟೋರಿಯಾಗೆ ತಿಳಿಸಿ. ವರದಿ ಮುಗೀತು."

ಮಿಸ್ಟರ್ ರಡ್ಜ್ ತಮ್ಮ ಮನೆಯಿಂದ ಅರ್ಧ ಗಡ್ಡ ಬೋಳಿಸಿಕೊಂಡು ಓಡಿ ಬಂದರು.

"ಅಯ್ಯೋ ಪುಣ್ಯಾತ್ಮ! ಮುದ್ರೆ ಸರಿಯಾಗಿದೆ ಅಂತ ನಾನು ಸೈನ್ ಹಾಕಿದೀನಲ್ಲಯ್ಯಾ! ಅಂಟಿನ ವಾಸನೆ ಮೂಗಿಗೆ ಹೊಡೀತಿತ್ತು. ಆ ಮಗು ಮುಖ ನೋಡಿ ಸುಮ್ನಿದ್ದೆ. ಈಗ ನನ್ನೂ ಮುಳುಗಿಸಿದೆಯಲ್ಲ!"

"ನಿಂಗ್ ಗೊತ್ತಿತ್ತಾ?"

"ಅಂಟು ತಂದ್ಕೊಟ್ಟೋನೇ ನಾನು!"

ಎರಡು ವರ್ಷದಲ್ಲಿ ಅವರಾಡಿದ ಮೊದಲ ಮಾತುಗಳು ಇವು. ಅಮ್ಮ ಇಬ್ಬರಿಗೂ ಕಾಫಿ ಕೊಟ್ಟಳು. ಕುಡಿಯುವಾಗ ಮತ್ತೆ ಪೀಪಾಯಿಯ ಜಗಳ ಶುರುವಾಯಿತು, ಈ ಸಲ ನೇರವಾಗಿ.

ನಿನ್ನೆ ಎರಡು ಸಂದೇಶ ಬಂತು. ಅಪ್ಪನಿಗೂ ಮಿಸ್ಟರ್ ರಡ್ಜ್ ಅವರಿಗೂ ಎಚ್ಚರಿಕೆ, ಹುದ್ದೆ ಉಳಿದಿದೆ. ನನ್ನ ಇಂಗ್ಲಿಷ್ ಪರೀಕ್ಷೆ ರದ್ದು. ತಿಂಗಳ ಕೊನೆಗೆ ಪ್ರಿನ್ಸ್ ರೂಪರ್ಟ್ ಪಟ್ಟಣದಲ್ಲಿ ಮರುಪರೀಕ್ಷೆ. ನಾಳೆಯ ಹಡಗಿಗೆ ಹೊರಡುತ್ತೇನೆ.

ಥೋರಾ ಹಾಲ್ವರ್ಸನ್


ವಿಕ್ಟೋರಿಯಾ
17 ಆಗಸ್ಟ್ 1962

ನನ್ನ ಪ್ರೀತಿಯ ಥೋರಾ,

ಪ್ರಿನ್ಸ್ ರೂಪರ್ಟ್ ಅಂಚೆ ಕಚೇರಿಗೆ ಕಳಿಸುತ್ತಿದ್ದೇನೆ, ಹೋಗಿ ಕೇಳಿ ತೆಗೆದುಕೋ.

ನಾಚಿಕೆಯಾಗಿದೆ. ನಿರ್ದೇಶಕರ ಮಾತಿಗೆ ನಾನು ನಿನ್ನ ಪರವಾಗಿ ಒಂದೇ ಒಂದು ಮಾತಾಡಬೇಕಾಗಿತ್ತು, ಅದರ ಬದಲು ನಿನಗೇ ಪತ್ರ ಬರೆದೆ. ನಿನ್ನ ವಾಕ್ಯಗಳನ್ನು ಆರು ವರ್ಷ ಓದಿದವಳು ನಾನು. ಯಾರು ಬರೆದದ್ದೆಂದು ನನಗೆ ಗೊತ್ತಿರಬೇಕಿತ್ತು. ಸವಾಲು ಸೋತ ಸಿಟ್ಟಿನಲ್ಲಿ ನನ್ನ ಮಾನದ ಚಿಂತೆಯೇ ಹೆಚ್ಚಾಯಿತು. ಕ್ಷಮಿಸು.

ನಿನ್ನ ಪತ್ರವನ್ನು ನಿರ್ದೇಶಕರಿಗೆ ತೋರಿಸಿದೆ. "ಕಥೆ ಚೆನ್ನಾಗಿದೆ, ಇದನ್ನೂ ಅಮ್ಮನೇ ಬರೆದಿರಬಹುದು" ಅಂದರು. ನಾನು ಏನಂದೆ ಎಂಬುದನ್ನು ಪತ್ರದಲ್ಲಿ ಬರೆಯುವುದು ಸಭ್ಯತೆಯಲ್ಲ. ಮರುಪರೀಕ್ಷೆಯಲ್ಲಿ ಅವರ ಬಾಯಿ ಮುಚ್ಚಿಸು.

ನಿನ್ನ,
ಮ್ಯೂರಿಯಲ್ ಪೆಂಗೆಲ್ಲಿ


ಪ್ರಿನ್ಸ್ ರೂಪರ್ಟ್
12 ಸೆಪ್ಟೆಂಬರ್ 1962

ಮಾನ್ಯ ಮಿಸ್ ಪೆಂಗೆಲ್ಲಿ ಅವರಿಗೆ,

ಫಲಿತಾಂಶ ಬಂತು. ಅರವತ್ತೆರಡು. ಪಾಸು. ಕಾಲೇಜು ಸೇರಿಸಿಕೊಂಡಿದೆ.

ನಿರ್ದೇಶಕರ ಬಾಯಿ ಮುಚ್ಚಿಸಲು ಅರವತ್ತೆರಡು ಸಾಲದು. ಪರೀಕ್ಷೆಯ ಕೋಣೆಯಲ್ಲಿ ಮೂವತ್ತು ಜನ ಇದ್ದರು, ಎಲ್ಲರೂ ಕೆಮ್ಮುತ್ತಿದ್ದರು, ಕಾಲು ಅಲ್ಲಾಡಿಸುತ್ತಿದ್ದರು. ಅಷ್ಟು ಜನರ ನಡುವೆ ನಾನು ಎಂದೂ ಕೂತಿರಲಿಲ್ಲ. ಪ್ರಬಂಧದ ವಿಷಯ: "ನಗರ ಜೀವನದ ಅನುಕೂಲಗಳು." ನಾನು ನಗರಕ್ಕೆ ಬಂದು ಮೂರು ವಾರವೂ ಆಗಿರಲಿಲ್ಲ. ಬಸ್ಸು ಸಿಗುತ್ತದೆ, ಐಸ್‌ಕ್ರೀಮು ಸಿಗುತ್ತದೆ ಎಂದು ಚಿಕ್ಕ ಹುಡುಗಿಯ ಹಾಗೆ ಬರೆದು ಬಂದೆ. ಅಮ್ಮ ಬರೆದಿದ್ದರೂ ಅದಕ್ಕಿಂತ ಚೆನ್ನಾಗಿರುತ್ತಿತ್ತು.

ನಿಮ್ಮ ಕ್ಷಮಾಪಣೆಯ ಪತ್ರ ಪರೀಕ್ಷೆಗೆ ಮೊದಲೇ ಸಿಕ್ಕಿತ್ತು. ಉತ್ತರ ಬರೆಯದೆ ಇಟ್ಟುಕೊಂಡಿದ್ದೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಕೈ ಬರಲಿಲ್ಲ, ಯಾಕೆಂದರೆ ಇನ್ನೂ ಕ್ಷಮಿಸಿಲ್ಲ. ಸಿಟ್ಟು ಇದೆ. ನಿಮ್ಮ ಮೇಲಿನ ಪ್ರೀತಿಯೂ ಹಾಗೇ ಇದೆ. ಎರಡೂ ಒಟ್ಟಿಗೆ ಹೇಗೆ ಇರುತ್ತವೆ ಎಂದು ನನಗೆ ಅರ್ಥವಾಗುತ್ತಿಲ್ಲ. ಸಿಟ್ಟನ್ನು ಬಾಯಿ ಮುಚ್ಚಿಕೊಂಡು ಸಾಕುವವರ ನಡುವೆ ಬೆಳೆದವಳು ನಾನು. ಅದು ನನಗೆ ಬೇಡ.

ಸೋಮವಾರ ವಿಕ್ಟೋರಿಯಾದಲ್ಲಿ ಇಳಿಯುತ್ತೇನೆ. ನಿಮ್ಮ ಕಚೇರಿಗೆ ನೇರ ಬರುತ್ತೇನೆ. ನಿಮ್ಮ ಮುಖವನ್ನು ನಾನು ನೋಡಿಲ್ಲ, ನೀವು ನನ್ನದನ್ನು ನೋಡಿಲ್ಲ, ಬಾಗಿಲಲ್ಲಿ ಹೆಸರು ಹೇಳುತ್ತೇನೆ. ನಿಮ್ಮ ಮೇಜಿನ ಎದುರು ಒಂದು ಕುರ್ಚಿ, ಎರಡು ಬಿಳಿ ಹಾಳೆ ಇಟ್ಟಿರಿ. ಜೂನ್ ತಿಂಗಳ ಆ ಪ್ರಶ್ನೆಯ ಮೊದಲ ವಾಕ್ಯ ಇನ್ನೂ ನನ್ನ ತಲೆಯಲ್ಲೇ ಇದೆ. ನೀವು ನೋಡುತ್ತಿರುವಾಗ ಬರೆಯುತ್ತೇನೆ. ಬೇಕಾದರೆ ನಿರ್ದೇಶಕರನ್ನೂ ಕರೆಯಿರಿ, ಬೇಡದಿದ್ದರೆ ಬಿಡಿ. ನನಗೆ ಬೇಕಾದದ್ದು ನಿಮ್ಮ ಕಣ್ಣು.

ಬರೆದು ಮುಗಿಸಿದ ಮೇಲೆ, ಮಿಸ್ ಪೆಂಗೆಲ್ಲಿ, ನಾವಿಬ್ಬರೂ ಬಾಯಿ ತುಂಬ ಜಗಳವಾಡೋಣ.

ಥೋರಾ